ಆಯಿಲ್ ಸೀಲ್ ಬದಲಿಸುವ ಮುನ್ನ ಎಂಜಿನ್‌ನ ಉಸಿರು ನೋಡಿ

ಎಂಜಿನ್ನಿನ ಮೇಲ್ಮುಚ್ಚಳ, ಅಂದರೆ ಟ್ಯಾಪೆಟ್ ಕವರ್ ಸುತ್ತ ಆಯಿಲ್ ಜಿನುಗುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿಸಿ ಆರು ತಿಂಗಳಾಗುವಷ್ಟರಲ್ಲಿ ಮತ್ತೆ ಅದೇ ಜಾಗ ಒದ್ದೆ. ಇನ್ನು ಎಂಜಿನ್ ಹಿಂಬದಿಯ ಕ್ರ್ಯಾಂಕ್ ಸೀಲ್ ಸೋರಿದರಂತೂ ಗೇರ್‌ಬಾಕ್ಸೇ ಇಳಿಸಬೇಕು. ಸೀಲಿನ ಬೆಲೆ ಎಲ್ಲಿ, ಕೂಲಿ ಎಲ್ಲಿ! ಎಷ್ಟೋ ಸಲ ತಪ್ಪು ರಬ್ಬರಿನದ್ದಲ್ಲ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ ಕಟ್ಟಿಕೊಂಡು, ಒತ್ತಡ ಏರಿ, ಆಯಿಲನ್ನು ಸಿಕ್ಕಿದ ಸಂದಿಯಿಂದ ದೂಡುತ್ತಿರುತ್ತದೆ. ಆ ದಾರಿಯೇ ಬ್ರೀದರ್.

ಪಿಸ್ಟನ್ನಿನ ರಿಂಗುಗಳು ಎಷ್ಟೇ ಚೆನ್ನಾಗಿರಲಿ, ಸಿಲಿಂಡರಿನ ಅನಿಲ ಸ್ವಲ್ಪವಾದರೂ ಅವನ್ನು ದಾಟಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಇದೇ ಬ್ಲೋಬೈ. ಅದರಲ್ಲಿ ಉರಿಯದ ಪೆಟ್ರೋಲ್, ಆಮ್ಲದ ಅಂಶ, ನೀರಾವಿ ಎಲ್ಲವೂ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಒಂದಿಷ್ಟು ಕೆಳಗಿಳಿಯುತ್ತದೆ. ಹಿಂದೆ ಈ ಹಬೆಯನ್ನು ಪೈಪ್ ಕೊಟ್ಟು ರಸ್ತೆಗೇ ಬಿಡುತ್ತಿದ್ದರು. ಈಗ ಟ್ಯಾಪೆಟ್ ಕವರಿನಿಂದ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಗಾಳಿಯನ್ನು ಹದವಾಗಿ ಬಿಡುವ ಕವಾಟ) ಮೂಲಕ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಎಳೆದು ಮತ್ತೆ ಉರಿಸುತ್ತಾರೆ. ಏರ್ ಫಿಲ್ಟರ್ ಕಡೆಯಿಂದ ಬರುವ ಇನ್ನೊಂದು ಪೈಪ್ ಒಳಗೆ ಹೊಸ ಗಾಳಿ ಕೊಡುತ್ತದೆ.

ವಾಲ್ವಿನೊಳಗೆ ಇರುವುದು ಹಿಂದೆ ಮುಂದೆ ಜಾರುವ ಒಂದು ಸಣ್ಣ ಪ್ಲಂಜರ್, ಒಂದು ಸ್ಪ್ರಿಂಗ್, ಅಷ್ಟೇ. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡಿನ ಸೆಳೆತ ಜೋರು. ಪ್ಲಂಜರ್ ಮುಂದಕ್ಕೆ ಬಂದು ದಾರಿ ಕಿರಿದಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಸೆಳೆತ ಇಳಿದು ದಾರಿ ಅಗಲವಾಗುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಏರುವಾಗ ಬ್ಲೋಬೈ ಹೆಚ್ಚು, ಸೆಳೆತ ಕಡಿಮೆ. ಆಗ ಮಿಕ್ಕಿದ ಹಬೆ ಹಿಂದಕ್ಕೆ, ಏರ್ ಫಿಲ್ಟರ್ ಪೈಪಿನತ್ತ ಹೊರಳುತ್ತದೆ. ಫಿಲ್ಟರ್ ಬಾಕ್ಸಿನಲ್ಲಿ ಆಯಿಲಿನ ತೆಳುವಾದ ಪಸೆ ಕಂಡರೆ ಗಾಬರಿ ಬೇಡ. ಫಿಲ್ಟರೇ ನೆನೆದಿದ್ದರೆ ಮಾತ್ರ ಬ್ರೀದರ್ ನೋಡಬೇಕು.

ಮಂಗಳೂರಿನ ಕಾರುಗಳಿಗೆ ಇನ್ನೊಂದು ಕಾಟವಿದೆ: ಗಿಡ್ಡ ಓಟ. ಹಂಪನಕಟ್ಟೆಯಿಂದ ಕದ್ರಿಗೆ, ಅಲ್ಲಿಂದ ಬೆಂದೂರಿಗೆ, ಮತ್ತೆ ಮನೆಗೆ. ಮೀಟರಿನ ಮುಳ್ಳು ನಡುವಿಗೆ ಬಂದಿರುತ್ತದೆ. ಆದರೆ ಆ ಮುಳ್ಳು ತೋರಿಸುವುದು ಎಂಜಿನ್ ತಣಿಸುವ ದ್ರವದ, ಅಂದರೆ ಕೂಲೆಂಟಿನ ಬಿಸಿ. ಆಯಿಲ್ ಬಿಸಿಯಾಗಲು ಅದಕ್ಕಿಂತ ಹೊತ್ತು ಬೇಕು. ಅಷ್ಟರಲ್ಲಿ ಎಂಜಿನ್ ಬಂದ್. ಒಳಗಿನ ನೀರಾವಿ ತಣಿದು ಆಯಿಲ್ ಜೊತೆ ಕಲಸಿಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಆಯಿಲ್ ಕ್ಯಾಪ್ ಬಿಚ್ಚಿ ನೋಡಿ: ಅಡಿಯಲ್ಲಿ ಹಾಲುಬಾಯಿ ಬಣ್ಣದ ದಪ್ಪ ಲೋಳೆ. ಕೂಲೆಂಟ್ ಮಟ್ಟ ಇಳಿಯದಿದ್ದರೆ ಇದು ಹೆಡ್ ಗ್ಯಾಸ್ಕೆಟಿನ ಕಾಯಿಲೆಯಲ್ಲ, ಬರೀ ತೇವ. ಆದರೆ ಇದೇ ಲೋಳೆ ವಾಲ್ವ್, ಪೈಪುಗಳಲ್ಲಿ ಕೂತು ದಾರಿ ಮುಚ್ಚುತ್ತದೆ.

ಬಿಚ್ಚುವ ಮೊದಲು ಪರೀಕ್ಷೆ. ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರಲಿ. ಉಡುಪಿನ ಸೆರಗು, ಕೈ ಬೆಲ್ಟಿನಿಂದ ದೂರವಿರಲಿ. ಆಯಿಲ್ ಕ್ಯಾಪ್ ತೆಗೆದು ಬಾಯಿಯ ಮೇಲೆ ತೆಳ್ಳನೆಯ ಕಾಗದ ಇಡಿ. ಕೆಲವು ಸೆಕೆಂಡಿನಲ್ಲಿ ಅದು ಒಳಕ್ಕೆ ಅಂಟಿಕೊಳ್ಳಬೇಕು. ಪಟಪಟ ಮೇಲೇಳುತ್ತಿದ್ದರೆ ದಾರಿ ಕಟ್ಟಿದೆ, ಇಲ್ಲವೇ ರಿಂಗ್ ಸವೆದಿದೆ. ಕ್ಯಾಪ್ ತೆಗೆದೊಡನೆ ಎಂಜಿನ್ ತುಸು ತಡವರಿಸಿದರೆ ಅದು ದೋಷವಲ್ಲ. ಸೆನ್ಸರಿನ ಅಳತೆಗೆ ಸಿಗದ ಗಾಳಿ ಒಳಹೊಕ್ಕಿದ್ದರ ಲಕ್ಷಣ. ಕ್ಯಾಪ್ ಎಳೆದರೂ ಬಾರದಷ್ಟು ಸೆಳೆತ, ಜೊತೆಗೆ ಸಿಳ್ಳೆಯ ಸದ್ದು ಇದ್ದರೆ ಡಯಾಫ್ರಾಮ್ (ಕೆಲವು ಕಾರುಗಳಲ್ಲಿ ಪ್ಲಂಜರಿನ ಬದಲು ಇರುವ ತೆಳು ರಬ್ಬರ್ ಪೊರೆ) ಹರಿದಿರುವ ಸಂಭವ ಹೆಚ್ಚು.

ಈಗ ಎಂಜಿನ್ ಬಂದ್ ಮಾಡಿ, ತಣಿಯಲು ಬಿಡಿ. ಬೇಕಾದದ್ದು ಇಕ್ಕಳ, ಸ್ಕ್ರೂಡ್ರೈವರ್, ಒಂದು ಕ್ಯಾನ್ ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ), ಶೀಶೆ ತೊಳೆಯುವ ನೈಲಾನ್ ಬ್ರಶ್, ಪಾತ್ರೆ ತೊಳೆಯುವ ದ್ರವ, ಕೈಗವಸು, ಕನ್ನಡಕ. ಪೈಪ್ ಯಾವುದು ಎಲ್ಲಿಗೆ ಎಂದು ಮೊದಲೇ ಫೋಟೊ ತೆಗೆದುಕೊಳ್ಳಿ. ಕ್ಲಿಪ್ ಸರಿಸಿ, ಪೈಪನ್ನು ಎಳೆಯಬೇಡಿ, ತಿರುಚಿ ಬಿಡಿಸಿ. ವಾಲ್ವ್ ಕೂರುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಹಳೆಯದಾದರೆ ಇಲ್ಲಿ ಮೋಸ ಮಾಡುತ್ತದೆ: ಬಿಸಿಗೆ ಬಿಸ್ಕತ್ತಿನ ಹಾಗಾಗಿ, ವಾಲ್ವ್ ಕೀಳುವಾಗ ಮುರಿದು ಚೂರು ಟ್ಯಾಪೆಟ್ ಕವರಿನೊಳಗೆ ಬೀಳುತ್ತದೆ. ಗಟ್ಟಿಯಾಗಿದ್ದರೆ ಹೊಸದನ್ನು ತಂದಿಟ್ಟುಕೊಂಡೇ ಕೈಹಾಕಿ.

ವಾಲ್ವನ್ನು ಕಿವಿಯ ಬಳಿ ಅಲುಗಿಸಿ. ಟಿಕ್ ಟಿಕ್ ಎಂದು ಚುರುಕಾಗಿ ಸದ್ದು ಬರಬೇಕು. ಮಂಕು ಸದ್ದು ಬಂದರೆ ಒಳಗೆ ಜಿಡ್ಡು. ಲೋಹದ ವಾಲ್ವಾದರೆ ಎರಡೂ ಕಡೆಯಿಂದ ಕ್ಲೀನರ್ ಹೊಡೆದು, ಹತ್ತು ನಿಮಿಷ ಬಿಟ್ಟು, ಮತ್ತೆ ಹೊಡೆದು, ಅಲುಗಿಸಿ ನೋಡಿ. ಪ್ಲಾಸ್ಟಿಕ್ ದೇಹದ್ದು ಅಥವಾ ಡಯಾಫ್ರಾಮ್ ಇರುವುದಾದರೆ ಕ್ಲೀನರ್ ತಾಗಿಸಲೇಬೇಡಿ. ರಬ್ಬರ್ ಉಬ್ಬಿ ಹಾಳಾಗುತ್ತದೆ. ಎರಡು ಸಲ ತೊಳೆದರೂ ಸದ್ದು ಚುರುಕಾಗದಿದ್ದರೆ ಬದಲಿಸುವುದೇ ಸರಿ. ಒಂದು ಸಣ್ಣ ರಬ್ಬರ್ ಪೈಪ್ ಸಿಕ್ಕಿಸಿ ಊದಿ ನೋಡಿ: ಕ್ರ್ಯಾಂಕ್‌ಕೇಸ್ ಕಡೆಯಿಂದ ಗಾಳಿ ಹೋಗಬೇಕು, ಎದುರಿನಿಂದ ಹೋಗಬಾರದು. ಊದುವುದಷ್ಟೇ, ಬಾಯಿಯಿಂದ ಎಳೆಯಬಾರದು.

ಪೈಪುಗಳಿಗೆ ಬಿಸಿನೀರು, ಸೋಪು, ಬ್ರಶ್ ಸಾಕು. ಒಣಗುವುದೇ ದೊಡ್ಡ ಕೆಲಸ. ಕರಾವಳಿಯ ಮಳೆಗಾಲದಲ್ಲಿ ಒಂದು ರಾತ್ರಿ ತೂಗುಹಾಕಿದರೂ ಒಳಗೆ ಪಸೆ ಇರುತ್ತದೆ. ಗಾಳಿ ಹೊಡೆಸಿ ಒಣಗಿಸಿ. ಹಿಡಿದು ಬಾಗಿಸಿದಾಗ ಬಿರುಕು ಕಂಡರೆ, ಅಥವಾ ಹೆಗ್ಗಣ ಕಚ್ಚಿದ್ದರೆ, ಟೇಪ್ ಸುತ್ತಿ ಮುಗಿಸಬೇಡಿ. ಆಯಿಲ್ ತಡೆಯುವ, ಸೆಳೆತಕ್ಕೆ ಚಪ್ಪಟೆಯಾಗದ ಪೈಪೇ ಬೇಕು. ತೋಟದ ನೀರಿನ ಪೈಪ್ ತುಂಡು ಹಾಕಿದರೆ ಒಂದು ವಾರದಲ್ಲಿ ಮೆತ್ತಗಾಗಿ ಒಳಗೆ ಕುಸಿಯುತ್ತದೆ, ಮತ್ತೆ ಮೊದಲಿನ ಕತೆ. ಏರ್ ಫಿಲ್ಟರ್ ಪಕ್ಕದ ಗಾಳಿ ಅಳೆಯುವ ಸೆನ್ಸರಿಗೆ ಕಾರ್ಬ್ ಕ್ಲೀನರಿನ ಒಂದು ಹನಿಯೂ ಬೀಳಬಾರದು.

ಟರ್ಬೊ ಡೀಸೆಲ್ ಇದ್ದರೆ ಉದಾಸೀನ ಬೇಡವೇ ಬೇಡ. ಅಲ್ಲಿ ಬ್ರೀದರಿನ ಆಯಿಲ್, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರಿನಲ್ಲಿ ಶೇಖರವಾಗಿ, ಒಮ್ಮೆಲೇ ಒಳಗೆ ಎಳೆದುಕೊಂಡರೆ ಎಂಜಿನ್ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಡೀಸೆಲ್ಲಿನಲ್ಲಿ ಡಯಾಫ್ರಾಮ್ ಜೋಡಣೆಯನ್ನು ಬಿಚ್ಚುವುದು ಗ್ಯಾರೇಜಿನ ಕೆಲಸ.

ಎಲ್ಲ ಜೋಡಿಸಿದ ಮೇಲೆ ಕಾಗದದ ಪರೀಕ್ಷೆ ಮತ್ತೊಮ್ಮೆ. ಕಾಗದ ಇನ್ನೂ ಮೇಲೇಳುತ್ತಿದ್ದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡದ ಪರೀಕ್ಷೆ) ಮಾಡಿಸಿ. ಆಗ ರಿಂಗಿನ ಕಡೆಗೇ ನೋಡಬೇಕು. ಸರಿಯಾಗಿ ಅಂಟಿಕೊಂಡರೆ ಸೋರಿದ ಜಾಗವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಸುರತ್ಕಲ್ ದಾಟಿ ಮೂಲ್ಕಿಯವರೆಗೆ ಹೋಗಿಬನ್ನಿ. ಒಳಗಿನ ತೇವ ಆವಿಯಾಗಲು ಅಷ್ಟು ಓಟ ಬೇಕೇ ಬೇಕು. ಆ ರಾತ್ರಿ ಎಂಜಿನ್ ಕೆಳಗೆ ಹಳೆಯ ಪೇಪರ್ ಹಾಸಿಡಿ. ಬೆಳಿಗ್ಗೆ ಅದು ಒಣಗಿದ್ದರೆ ಸೀಲಿಗೆ ದುಡ್ಡು ಕೊಡುವ ಅವಸರವಿಲ್ಲ.