ಕಾಣಿಕೆ ಚೀಟಿಗಳು

ನಮ್ಮ ಚರ್ಚಿನಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಕಾಣಿಕೆ ಎಣಿಸುವ ಕೆಲಸ ನನ್ನದು. ಹನ್ನೊಂದು ವರ್ಷ ಮಾಡಿದ್ದೇನೆ. ಚೀಲವನ್ನು ಮೇಜಿನ ಮೇಲೆ ಸುರಿದು, ಮುದುಡಿದ ನೋಟುಗಳನ್ನು ಬಿಡಿಸಿ, ಚಿಲ್ಲರೆಯನ್ನು ಬೇರೆ ಗುಡ್ಡೆ ಹಾಕಿ ಇಬ್ಬರು ಎಣಿಸುತ್ತಿದ್ದೆವು. ಮೊತ್ತವನ್ನು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕುತ್ತಿದ್ದೆವು. ಒಂದು ಪ್ರತಿ ಹಣದ ಜೊತೆ ಹೋಗುತ್ತಿತ್ತು, ಕಾರ್ಬನ್ ಪ್ರತಿ ನನ್ನ ಹತ್ತಿರ ಉಳಿಯುತ್ತಿತ್ತು. ಇಟ್ಟುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಎಸೆಯಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಒಂದು ವರ್ಷ ಜಮಾಖರ್ಚಿನ ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕಿದಾಗ ಚಾವಣಿ ದುರಸ್ತಿ ನಿಧಿಯ ಮೊತ್ತ ನಾನು ಎಣಿಸಿದ್ದಕ್ಕಿಂತ ತೀರಾ ಕಡಿಮೆ ಇತ್ತು. ಮನೆಗೆ ಬಂದು ಚೀಟಿಗಳನ್ನು ಹರಡಿ ಕೂಡಿದೆ. ಮೂರನೇ ಸಲವೂ ಅದೇ ಮೊತ್ತ ಬಂದಾಗ ಕೈ ತಣ್ಣಗಾಯಿತು. ಸಿಟ್ಟು ಆಮೇಲೆ ಬಂತು, ಮೊದಲು ಬಂದದ್ದು ಭಯ. ಗುರುಗಳನ್ನು, ಅಂದರೆ ಚರ್ಚಿನ ಪಾದ್ರಿಯನ್ನು, ಪ್ರಶ್ನಿಸಿದರೆ ದೇವರಿಗೇ ಎದುರು ಮಾತಾಡಿದ ಹಾಗೆ ಎಂದು ಕೇಳುತ್ತಲೇ ಬೆಳೆದವಳು ನಾನು.

ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಗೆ ತಿಳಿಸು ಎಂದು ಬೈಬಲಿನ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ ಹೇಳುತ್ತದೆ. ಅದೇ ಕ್ರಮ ಹಿಡಿದೆ. ಒಬ್ಬಳೇ ಹೋದಾಗ ಗುರುಗಳು "ನನ್ನ ಮೇಲೆ ನಂಬಿಕೆ ಇಲ್ವೇನಮ್ಮಾ?" ಎಂದರು. ಆ ಪ್ರಶ್ನೆಗೆ ಉತ್ತರ ಕೊಡಲು ಹೋಗಿ ಸೋತೆ. ಲೆಕ್ಕ ಕೇಳಲು ಹೋದವಳು ಕ್ಷಮೆ ಕೇಳಿ ಬಂದೆ.

ಎರಡನೇ ಸಲ ಮೂವರು ಹೋದೆವು. ಹಿಂದಿನ ರಾತ್ರಿ ಕೂತು ಹೇಳಬೇಕಾದ್ದನ್ನೆಲ್ಲ ಒಂದೇ ಮಾತಿಗೆ ಇಳಿಸಿಕೊಂಡಿದ್ದೆವು: "ಫಾದರ್, ಚಾವಣಿ ನಿಧಿಯ ಬ್ಯಾಂಕ್ ಪುಸ್ತಕ ನೋಡಬೇಕು." ನಂಬಿಕೆಯ ಪ್ರಶ್ನೆ ಬಂದಾಗಲೆಲ್ಲ ಅದೇ ಮಾತು ಹೇಳಿದೆವು. ಪುಸ್ತಕ ಸಿಗಲಿಲ್ಲ. ಹೊರಗೆ ಬಂದವರು ಅಂಗಳದಲ್ಲೇ ನಿಂತು ತಾರೀಖು, ಹೊತ್ತು, ಯಾರು ಏನೆಂದರು ಎಲ್ಲವನ್ನೂ ಬರೆದುಕೊಂಡೆವು. ಮುಂದೆ ಆ ಹಾಳೆಯೇ ನಮ್ಮನ್ನು ಕಾಪಾಡಿತು, ಏಕೆಂದರೆ ಅಂಥ ಮಾತುಕತೆ ನಡೆದೇ ಇಲ್ಲ ಎಂದು ಆಮೇಲೆ ಹೇಳಲಾಯಿತು.

ಲೆಕ್ಕ ಕೇಳುವ ಹಕ್ಕು ನಮಗಿದೆ ಎಂದು ನಮಗೇ ಗೊತ್ತಿರಲಿಲ್ಲ. ನಮ್ಮದು ಕಥೋಲಿಕ ಧರ್ಮಕೇಂದ್ರ, ಅಂದರೆ ಒಂದು ಚರ್ಚು ಮತ್ತು ಅದಕ್ಕೆ ಸೇರಿದ ಭಕ್ತರು. ಕಥೋಲಿಕ ಧರ್ಮಸಭೆಯ ಕಾನೂನು ಪುಸ್ತಕವಾದ 1983ರ ಕಾನನ್ ಸಂಹಿತೆಯನ್ನು ತೆರೆದು ತೋರಿಸಿದವರು ನಿವೃತ್ತ ಉಪದೇಶಿಯೊಬ್ಬರು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎನ್ನುತ್ತದೆ 1287ನೇ ಕಾನನ್. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು ಎನ್ನುತ್ತದೆ 537. ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಕುರಿಪಾಲಕರಿಗೆ, ಅಂದರೆ ಸಭೆಯನ್ನು ನಡೆಸುವ ಗುರುಗಳಿಗೆ, ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದು ಎನ್ನುತ್ತದೆ 212. ಕೊನೆಯದನ್ನು ಓದುವಾಗ ನನಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಪಾಪವೆಂದು ಅಂದುಕೊಂಡಿದ್ದು ನನ್ನ ಕರ್ತವ್ಯವಾಗಿತ್ತು.

ಗುರುಗಳ ಮೇಲಧಿಕಾರಿಯಾದ ಧರ್ಮಾಧ್ಯಕ್ಷರಿಗೆ (ಬಿಷಪ್) ಬರೆದ ಪತ್ರವನ್ನು ನಾಲ್ಕು ಸಲ ತಿದ್ದಿದೆವು. ಮೊದಲನೆಯದು ಐದು ಪುಟ, ತುಂಬ ಕೋಪ. ಗುರುಗಳ ಕಾರು, ಅವರ ನೆಂಟರ ಮನೆ, ಊರ ಬಾಯಲ್ಲಿದ್ದ ಎಲ್ಲವೂ ಅದರಲ್ಲಿತ್ತು. ನಾವು ಕಣ್ಣಾರೆ ಕಾಣದ್ದನ್ನೆಲ್ಲ ಹೊಡೆದು ಹಾಕಿದಾಗ ಉಳಿದದ್ದು ಒಂದು ಪುಟ: ಚೀಟಿಗಳ ಮೊತ್ತ, ಫಲಕದ ಮೊತ್ತ, ವ್ಯತ್ಯಾಸ, ಲೆಕ್ಕಪರಿಶೋಧನೆಯ ಕೋರಿಕೆ. ಚೀಟಿಗಳ ನಕಲು ಲಗತ್ತಿಸಿ ಮೂಲವನ್ನು ನಾವೇ ಇಟ್ಟುಕೊಂಡೆವು. ಸಹಿ ಹಾಕುತ್ತೇವೆ ಎಂದವರು ಅರವತ್ತು ಜನ, ಹಾಕಿದವರು ಇಪ್ಪತ್ತಮೂರು. ಹಿಂದೆ ಸರಿದವರ ಮೇಲೆ ನನಗೆ ಬೇಸರವಿಲ್ಲ. ಮಗಳ ಮದುವೆ, ತಂದೆಯ ಸಮಾಧಿ, ಎಲ್ಲಕ್ಕೂ ಅದೇ ಗುರುಗಳ ಮುಂದೆ ನಿಲ್ಲಬೇಕಲ್ಲ.

ಮುಂದಿನ ತಿಂಗಳುಗಳು ಕಷ್ಟದವು. ಪೂಜೆಯಲ್ಲಿ ಬೈಬಲ್ ವಾಚನ ಓದುವವರ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಪೀಠದಿಂದಲೇ ನಮ್ಮನ್ನು ಚಾಡಿಕೋರರು ಎಂದರು. ಆಗ ಚಿಲಿ ದೇಶದ ಒಸೊರ್ನೊದ ಭಕ್ತರ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಪಾದ್ರಿಯೊಬ್ಬರ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟರೆಂಬ ಆರೋಪವಿದ್ದ ಹ್ವಾನ್ ಬಾರ್ರೋಸ್ ಅವರನ್ನು 2015ರಲ್ಲಿ ಅಲ್ಲಿಗೆ ಧರ್ಮಾಧ್ಯಕ್ಷರಾಗಿ ನೇಮಿಸಿದಾಗ ಸಾಮಾನ್ಯ ಭಕ್ತರು ದೇವಾಲಯದೊಳಗೇ ಪ್ರತಿಭಟಿಸಿದರು. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರೇ ಆ ಆರೋಪಗಳನ್ನು ಅಪನಿಂದೆ ಎಂದರು. ತನಿಖೆ ಮಾಡಿಸಿದ ಮೇಲೆ ಏಪ್ರಿಲ್‌ನಲ್ಲಿ ತಮ್ಮ ಗ್ರಹಿಕೆ ತಪ್ಪಾಗಿತ್ತೆಂದು ಒಪ್ಪಿ ಕ್ಷಮೆ ಕೇಳಿದರು. ಜೂನ್‌ನಲ್ಲಿ ಬಾರ್ರೋಸ್ ಅವರ ರಾಜೀನಾಮೆ ಅಂಗೀಕಾರವಾಯಿತು. ಆ ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದರು.

ಅದೇ ಹೊತ್ತಿಗೆ ಒಬ್ಬ ತಾಯಿ ನನ್ನ ಬಳಿ ಬಂದು ಬೇರೆಯದೇ ಮಾತು ಹೇಳಿದರು. ಅದು ಹಣದ ವಿಷಯವಾಗಿರಲಿಲ್ಲ, ಅವರ ಮಗುವಿನ ವಿಷಯ, ಪಾಠ ಹೇಳುತ್ತಿದ್ದ ಒಬ್ಬನ ವಿಷಯ. ಅಲ್ಲಿ ಮತ್ತಾಯನ ಮೆಟ್ಟಿಲುಗಳನ್ನು ಹತ್ತಲಿಲ್ಲ. ಮಗುವನ್ನು ನಾವು ಪ್ರಶ್ನಿಸಲಿಲ್ಲ, ಆರೋಪಿಯ ಬಳಿ ಹೋಗಲಿಲ್ಲ, ಅದೇ ದಿನ ತಾಯಿಯ ಜೊತೆ ಪೊಲೀಸ್ ಠಾಣೆಗೆ ಹೋದೆ. ಆಮೇಲೆ ಧರ್ಮಾಧ್ಯಕ್ಷರ ಕಚೇರಿಗೆ ತಿಳಿಸಿದೆವು. ಇಂಥ ದೂರು ಕೊಟ್ಟವರ ಮೇಲೆ ಮೌನ ಹೇರುವಂತಿಲ್ಲ ಎಂದು ಪೋಪ್ 2019ರ ಮೇ ತಿಂಗಳಲ್ಲಿ ಹೊರಡಿಸಿದ 'ವೋಸ್ ಎಸ್ಟಿಸ್ ಲುಕ್ಸ್ ಮುಂಡಿ' ಶಾಸನ ಸ್ಪಷ್ಟವಾಗಿ ಹೇಳುತ್ತದೆ. "ಸದ್ಯಕ್ಕೆ ಯಾರಿಗೂ ಹೇಳಬೇಡಿ" ಎಂದವರಿಗೆ ಅದನ್ನೇ ಓದಿ ಹೇಳಿದೆ.

ನಮ್ಮ ಪತ್ರಕ್ಕೆ ಏಳು ತಿಂಗಳ ಮೇಲೆ ಲೆಕ್ಕಪರಿಶೋಧಕರು ಬಂದರು. ನಿಧಿಯಿಂದ ಹಣ ಹೊರಗೆ ಹೋಗಿದ್ದು ನಿಜವಾಗಿತ್ತು. ಸ್ವಲ್ಪ ವಾಪಸ್ ಬಂತು, ಗುರುಗಳಿಗೆ ವರ್ಗವಾಯಿತು. ಹಲವರು ಅಲ್ಲಿಗೆ ಮುಗಿಯಿತು ಎಂದರು, ನಾನು ಒಪ್ಪಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳಿದ್ದ ಪಾದ್ರಿಗಳನ್ನು ಚರ್ಚಿನಿಂದ ಚರ್ಚಿಗೆ ವರ್ಗ ಮಾಡುತ್ತಾ ಬಂದದ್ದು 2002ರಲ್ಲಿ ಬಯಲಾಗಿ, ಆ ಡಿಸೆಂಬರ್‌ನಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಟ್ಟರು. ಅದರ ಮುಂದೆ ನಮ್ಮ ಹಣದ ವಿಷಯ ಸಣ್ಣದು. ಆದರೂ ವರ್ಗ ಮಾಡಿ ಸುಮ್ಮನಾಗುವ ಅಭ್ಯಾಸ ಒಂದೇ. ವರದಿಯನ್ನು ಹೊಸ ಧರ್ಮಕೇಂದ್ರದ ಹಣಕಾಸು ಸಮಿತಿಗೂ ಕೊಡಿ ಎಂದು ಮತ್ತೆ ಬರೆದೆವು. ಉತ್ತರ ಬರಲಿಲ್ಲ.

ಈಗಲೂ ಎಣಿಸುತ್ತೇನೆ. ಚೀಟಿ ಅದೇ ದಿನ ಫಲಕಕ್ಕೆ ಹೋಗುತ್ತದೆ. ಹೋದ ವಾರ ಆ ಹೊಸ ಧರ್ಮಕೇಂದ್ರದಿಂದ ಒಬ್ಬರು ಫೋನ್ ಮಾಡಿದರು. ದನಿ ತಗ್ಗಿಸಿಯೇ ಮಾತಾಡುತ್ತಿದ್ದರು. ನಿಮ್ಮಲ್ಲಿ ಕಾಣಿಕೆ ಎಣಿಸುವವರು ಯಾರು, ಚೀಟಿ ಬರೆಯುತ್ತಾರಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೇ ಎಣಿಸೋದು, ಅಕ್ಕಾ" ಎಂದರು.