ಗಾಯಕ್ಕಿಂತ ಮೊದಲು ಚಪ್ಪಲಿ ನೋಡುತ್ತೇನೆ

ಮುಲಾಮು ಬದಲಾಯಿಸಿ ಬದಲಾಯಿಸಿ ಸುಸ್ತಾಗಿ ನಮ್ಮಲ್ಲಿಗೆ ಬರುವವರೇ ಜಾಸ್ತಿ. ಶುಗರ್ ಇದೆ, ಅಂಗಾಲಲ್ಲಿ ಹುಣ್ಣಿದೆ, ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದರೂ ಮಾಯುತ್ತಿಲ್ಲ. ಬ್ಯಾಂಡೇಜ್ ಬಿಚ್ಚುವ ಮೊದಲು ನಾನು ಅವರ ಚಪ್ಪಲಿ ತೆಗೆದುಕೊಂಡು ಒಳಗೆ ಕೈಯಾಡಿಸುತ್ತೇನೆ.

ಒಬ್ಬ ರೈತರ ಚಪ್ಪಲಿಯಲ್ಲಿ ಮುರಿದ ಜಾಲಿಮುಳ್ಳು ಅಟ್ಟೆ ದಾಟಿ ಮೇಲೆ ಬಂದಿತ್ತು. ಸರಿಯಾಗಿ ಹೆಬ್ಬೆರಳ ಬುಡದ ಗಾಯದ ಜಾಗಕ್ಕೇ. ಅದನ್ನೇ ಮೆಟ್ಟಿಕೊಂಡು ದಿನಾ ಹೊಲಕ್ಕೆ ಹೋಗುತ್ತಿದ್ದರು. “ನೋವೇನೂ ಇಲ್ರಿ ಡಾಕ್ಟ್ರ” ಅಂದರು. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಪಾದ ಮುಟ್ಟುತ್ತಾ ಹೋದೆ. ಮುಟ್ಟಿದಾಗ ‘ಹೂಂ’ ಅನ್ನಬೇಕು. ಅವರು ಸುಮ್ನೆ ಕೂತಿದ್ದರು. ಪಕ್ಕದಲ್ಲಿದ್ದ ಹೆಂಡತಿಯೇ “ಮುಟ್ಯಾರಲ್ರೀ, ಹೇಳ್ರಿ” ಅಂತ ತಿವಿದರು.

ಕಾಲಿಗೆ ಗಾಯವಾದರೆ ನಾವು ಕುಂಟುತ್ತೇವೆ ಅಲ್ವಾ? ಕುಂಟಿದಷ್ಟೂ ಗಾಯಕ್ಕೆ ಬಿಡುವು. ಸಕ್ಕರೆ ವರ್ಷಗಟ್ಟಲೆ ಏರಿ ನರ ಹಾಳಾದವರು ಕುಂಟುವುದಿಲ್ಲ. ಒಂದೊಂದು ಹೆಜ್ಜೆಗೂ ಮೈಭಾರವೆಲ್ಲ ಗಾಯದ ಮೇಲೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಪಾದ ನೋಡುತ್ತಿದ್ದ ಸರ್ಜನ್ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದೂ ಇದನ್ನೇ. ಆ ರೋಗಿಗಳ ಮಾಂಸವೇನೂ ಕೆಟ್ಟಿರಲಿಲ್ಲ, ನೋವು ಹೋಗಿತ್ತು ಅಷ್ಟೇ. ಮೂಳೆ ಮುರಿದಾಗ ಹಾಕುವಂಥ ಪ್ಲಾಸ್ಟರ್ ಹಾಕಿ ಪಾದಕ್ಕೆ ಬಿಡುವು ಕೊಟ್ಟರೆ ಆ ಹುಣ್ಣುಗಳೂ ಮಾಯುತ್ತಿದ್ದವು. ಶುಗರ್‌ನಲ್ಲಿ ಕಾಟ ಇದೊಂದೇ ಅಲ್ಲ, ನಿಜ. ಮೊಣಕಾಲ ಕೆಳಗಿನ ರಕ್ತನಾಳ ಕಿರಿದಾಗಿರಬಹುದು. ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ಮಂಕಾಗುತ್ತವೆ. ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಂಡು ಔಷಧಿಗೆ ಬಗ್ಗುವುದಿಲ್ಲ. ಉರಿಯೂತ ಇಳಿಯದೆ, ಗಾಯದಲ್ಲಿನ ಕಿಣ್ವಗಳು ಹೊಸದಾಗಿ ಬೆಳೆದ ಮಾಂಸವನ್ನೇ ಕರಗಿಸುತ್ತವೆ.

ಆ ರೈತರ ಪಾದದ ಮೇಲಿನ ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಗಾಯದೊಳಗೆ ಲೋಹದ ಕಡ್ಡಿ ಇಳಿಸಿ ನೋಡಿದೆ, ಮೂಳೆ ತಗಲಲಿಲ್ಲ. ಸುತ್ತಲೂ ಆಣಿಯ ಹಾಗೆ ಗಟ್ಟಿಯಾಗಿದ್ದ ಹಳದಿ ಚರ್ಮವನ್ನು ಬ್ಲೇಡಿನಿಂದ ಹೆರೆದೆ. ಗಾಯ ಇನ್ನೂ ದೊಡ್ಡದಾಯಿತಲ್ಲ ಎಂದು ಹೆಂಡತಿ ಗಾಬರಿಯಾದರು. ಅಡಿಯಲ್ಲಿ ಅಡಗಿದ್ದದ್ದು ಈಗ ಕಾಣುತ್ತಿದೆ ಎಂದೆ. ಅಂಚಿನಲ್ಲಿ ಸಣ್ಣಗೆ ರಕ್ತ ಜಿನುಗಿತು. ನನಗೆ ಬೇಕಾಗಿದ್ದೂ ಅದೇ, ಅಲ್ಲಿ ಮಾಂಸ ಜೀವಂತ ಇದೆ ಎಂದರ್ಥ. ಹೈಡ್ರೋಜನ್ ಪೆರಾಕ್ಸೈಡ್ ನಾನು ಸುರಿಯುವುದಿಲ್ಲ. ನೊರೆ ಉಕ್ಕುವುದು ನೋಡೋಕೆ ಚೆಂದ, ಆದರೆ ಹೊಸ ಜೀವಕೋಶಗಳೂ ಸಾಯುತ್ತವೆ. ಸಲೈನಿನಲ್ಲಿ ತೊಳೆದು, ಮೊಣಕಾಲ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದೆ. ಸೋಂಕು ಜೋರಾಗಿದ್ದರೆ, ರಕ್ತ ಸಂಚಾರ ಕಡಿಮೆಯಿದ್ದರೆ ಹೀಗೆ ಹಾಕುವಂತಿಲ್ಲ. ಇನ್ಸುಲಿನ್ ಶುರು ಮಾಡಿಸಿದೆ.

ಬಿತ್ತನೆ ಕಾಲ ಬೇರೆ. ಪ್ಲಾಸ್ಟರ್ ಅಂದರೆ ಯಾರು ಒಪ್ಪುತ್ತಾರೆ? ಹೆಂಡತಿಯೇ ಒಪ್ಪಿಸಿದರು. ವಾರ ವಾರ ಬಿಚ್ಚಿ, ಗಾಯದ ಉದ್ದ ಅಗಲವನ್ನು ಸ್ಕೇಲಿನಲ್ಲಿ ಅಳೆದು ಚೀಟಿಯಲ್ಲಿ ಬರೆಯುತ್ತಿದ್ದೆ. 4 ವಾರಕ್ಕೆ ಗಾಯ ಅರ್ಧಕ್ಕೆ ಇಳಿಯದಿದ್ದರೆ ಅದೇ ಚಿಕಿತ್ಸೆಯನ್ನು ಸುಮ್ನೆ ಎಳೆಯಬಾರದು. ರಕ್ತದ ಹರಿವು ತೋರಿಸುವ ಡಾಪ್ಲರ್ ಪರೀಕ್ಷೆ, ಎಕ್ಸ್‌ರೇ ಮಾಡಿಸಿ ರಕ್ತನಾಳ, ಮೂಳೆ ಎರಡನ್ನೂ ಮತ್ತೆ ನೋಡಬೇಕು. ಇವರದು ಇಳಿದಿತ್ತು, ಹಾಗಾಗಿ ಇನ್ನೊಂದು ಪ್ಲಾಸ್ಟರ್ ಹಾಕಿ ಕಳಿಸಿದೆ.