ಹಳ್ಳದ ಪಕ್ಕದ ಜಮೀನು ಎಷ್ಟು ಗುಂಟೆ?

ಮೂರು ಕಡೆ ನೇರ ಬೇಲಿ, ನಾಲ್ಕನೇ ಕಡೆ ಬಳುಕುತ್ತಾ ಹರಿಯುವ ಹಳ್ಳ. ಇಂಥ ಜಮೀನಿನಲ್ಲಿ ಉದ್ದ ಅಗಲ ಗುಣಿಸಿದರೆ ಲೆಕ್ಕ ಸಿಗುವುದಿಲ್ಲ. ಪಿಯುಸಿಯಲ್ಲಿ ‘ವಕ್ರರೇಖೆಯ ಕೆಳಗಿನ ವಿಸ್ತೀರ್ಣ’ ಅಂತ ತಲೆ ತಿಂದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಳ್ಳದ ಎದುರಿನ ಬೇಲಿ 198 ಅಡಿ ಅಂದುಕೊಳ್ಳಿ. 33 ಅಡಿಗೊಂದು ಗೂಟ ಹೊಡೆಯಿರಿ. ತುದಿಗಳೂ ಸೇರಿ ಏಳು ಗೂಟ, ನಡುವೆ ಆರು ಪಟ್ಟಿ. 33 ಯಾಕೆ? ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಆಮೇಲೆ ಉಪಯೋಗಕ್ಕೆ ಬರುತ್ತದೆ.

ಈಗ ಪ್ರತಿ ಗೂಟದಿಂದ ಹಳ್ಳದವರೆಗೆ ಟೇಪು ಹಿಡಿಯಿರಿ. ಜಾಸ್ತಿ ಜನ ಎಡವುವುದು ಇಲ್ಲೇ. ಟೇಪು ಓರೆಯಾದರೆ ಎಲ್ಲ ಕೆಟ್ಟಿತು. ಗಾರೆ ಕೆಲಸದವರು ಮೂಲೆಮಟ್ಟ ನೋಡುವ ಹಾಗೆ, ಗೂಟದಿಂದ ಬೇಲಿಗುಂಟ 3 ಅಡಿ, ಟೇಪಿನಗುಂಟ 4 ಅಡಿ ಗುರುತು ಹಾಕಿ. ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬರಬೇಕು.

ಅಳತೆ ಹೀಗೆ ಬಂತು ಅನ್ನೋಣ: 40, 52, 60, 63, 70, 78, 90 ಅಡಿ.

ಒಂದೊಂದು ಪಟ್ಟಿಯೂ ಒಂದು ಆಯತ. ಅದರ ಉದ್ದಕ್ಕೆ ಎಡಗಡೆ ಗೂಟದ ಅಳತೆ ಹಿಡಿದರೆ ಒಟ್ಟು 363. ಪಟ್ಟಿಯ ಅಗಲ 33, ಗುಂಟೆ ಅಂದರೆ 33 × 33 = 1089 ಚದರ ಅಡಿ, ಹಾಗಾಗಿ ಒಂದು 33 ಹೊಡೆದುಹೋಗುತ್ತದೆ. ಉಳಿದ 33ರಿಂದ ಭಾಗಿಸಿ, ಸರಿಯಾಗಿ 11 ಗುಂಟೆ! ಬಲಗಡೆಯದು ಹಿಡಿದರೆ 413, ಹೆಚ್ಚುಕಡಿಮೆ ಹನ್ನೆರಡೂವರೆ ಗುಂಟೆ. ಹಳ್ಳ ದೂರ ಸರಿಯುತ್ತಲೇ ಹೋಗುವುದರಿಂದ ಎಡದ ಆಯತಗಳು ದಡಕ್ಕಿಂತ ಒಳಗೇ ನಿಲ್ಲುತ್ತವೆ, ಬಲದವು ನೀರಿಗಿಳಿಯುತ್ತವೆ. ನಿಜವಾದ ಲೆಕ್ಕ ಇವೆರಡರ ನಡುವೆ.

ಒಂದೂವರೆ ಗುಂಟೆ ಅಂತರವನ್ನು ಸುಮ್ನೆ ಬಿಡೋಕಾಗುತ್ತಾ? ಪ್ರತಿ ಪಟ್ಟಿಯ ಮಧ್ಯೆ ಇನ್ನೊಂದು ಗೂಟ ಹೊಡೆಯಿರಿ. ಅಲ್ಲಿ 46, 57, 62, 66, 74, 84 ಬಂತು. ಪಟ್ಟಿ ಅರ್ಧವಾಯಿತಲ್ವಾ, ಈಗ 66ರಿಂದ ಭಾಗಿಸಬೇಕು. ಎಡದ ಲೆಕ್ಕ 11.4, ಬಲದ್ದು 12.15. ಅಂತರವೂ ಅರ್ಧವಾಯಿತು. ಹೀಗೇ ಸೀಳುತ್ತಾ ಹೋದರೆ ಎರಡೂ ಒಂದೇ ಸಂಖ್ಯೆಗೆ ಬಂದು ಸೇರುತ್ತವೆ. ಅದೇ ಅನುಕಲನ. ಅದರ ಉದ್ದನೆಯ ಚಿಹ್ನೆ (∫) ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ 1675ರಲ್ಲಿ ಎಳೆದು ಬರೆದ ‘ಎಸ್’, ಲ್ಯಾಟಿನ್‌ನಲ್ಲಿ ಮೊತ್ತ ಅನ್ನುವ ಪದದ ಮೊದಲಕ್ಷರ.

ನನ್ನನ್ನು ಕೇಳಿದರೆ, ಮಧ್ಯದ ಆ ಆರು ಅಳತೆಗಳಷ್ಟೇ ಸಾಕು. ಕೂಡಿಸಿದರೆ 389, ಅಂದರೆ 11.8 ಗುಂಟೆ. ಆಯತ ಒಂದು ಪಕ್ಕ ಬಿಟ್ಟದ್ದನ್ನು ಇನ್ನೊಂದು ಪಕ್ಕ ತುಂಬಿಕೊಳ್ಳುತ್ತದೆ. ಹಳ್ಳ ಒಮ್ಮೆ ಹತ್ತಿರ, ಒಮ್ಮೆ ದೂರ ಹೋಗುವ ಕಡೆ ಎಡದ್ದು ಕಡಿಮೆ, ಬಲದ್ದು ಜಾಸ್ತಿ ಅಂತ ಹೇಳಲಾಗದು. ಅಲ್ಲೂ ಈ ದಾರಿ ನಡೆಯುತ್ತದೆ. ತೀರಾ ಸುತ್ತಿಕೊಂಡ ಜಾಗದಲ್ಲಿ ಮಾತ್ರ ಗೂಟಗಳನ್ನು ಒತ್ತಾಗಿ ಹೊಡೆಯಿರಿ. ಆಗ 33ರ ಸುಲಭ ಲೆಕ್ಕ ಇಲ್ಲ, ಪ್ರತಿ ಪಟ್ಟಿಯ ಉದ್ದ ಅಗಲ ಗುಣಿಸಿ 1089ರಿಂದ ಭಾಗಿಸಬೇಕು.